ಚಳಿಗಾಲವೂ ವಿದ್ಯುತ್ ಸಿಗರೇಟೂ

ಕೆನಡಾ ದೇಶದ ವಿನಿಪೆಗ್ ನಗರದಲ್ಲಿ ಜನವರಿ ತಿಂಗಳ ರಾತ್ರಿಗಳಲ್ಲಿ ಉಷ್ಣಮಾನವು ಸೊನ್ನೆಗಿಂತ ೨೦ ಡಿಗ್ರಿ ಕೆಳಕ್ಕೆ ಇಳಿಯುವುದು ವಿಶೇಷವೇನೂ ಅಲ್ಲ. ೩೦ ಡಿಗ್ರಿಯಷ್ಟು ಕೆಳಕ್ಕೆ ಇಳಿದ ರಾತ್ರಿಗಳೂ ಉಂಟು. ಮಡಿಕೇರಿಯ ಚಳಿಯನ್ನೇ ಬಹು ದೊಡ್ಡದೆಂದು ಎಣಿಸುವ ನಮಗೆ ಇದರ ಕಲ್ಪನೆಯಾಗುವುದು ಕಷ್ಟ. ಅಂತಹ ಚಳಿಯಲ್ಲಿಯೂ ಕಚೇರಿಗಳ ಮತ್ತು ಉಪಾಹಾರಗೃಹಗಳ ಬಾಗಿಲ ಹೊರಗೆ ನಾಲ್ಕಾರು ಮಂದಿ ಮೈ ಮುದುರಿಕೊಂಡು ನಿಂತು, ಲೇಖನಿಯಂತಹ ಒಂದು ಸಣ್ಣ ಯಂತ್ರವನ್ನು ಬಾಯಿಗಿಟ್ಟು ಬಿಳಿಯ ಆವಿಯನ್ನು ಸೇದಿ ಬಿಡುತ್ತಿರುವುದನ್ನು ಕಾಣಬಹುದು. ಅವರು ಚಳಿಯನ್ನು ಮೆಚ್ಚಿ ಹೊರಗೆ ಬಂದವರಲ್ಲ. ಆ ದೇಶದ ಬಹುತೇಕ ಪ್ರಾಂತಗಳಲ್ಲಿ ಮುಚ್ಚಿದ ಸಾರ್ವಜನಿಕ ಸ್ಥಳಗಳೊಳಗೆ ಸಿಗರೇಟಿನಂತೆ ಇದನ್ನೂ ಸೇದಕೂಡದೆಂಬ ಶಾಸನವಿದೆ. ಒಂಟಾರಿಯೋ ಪ್ರಾಂತದಲ್ಲಿ ಈ ನಿರ್ಬಂಧವು ೨೦೧೮ನೆಯ ಇಸವಿಯ ಅಕ್ಟೋಬರ್ ತಿಂಗಳಿಂದ ಜಾರಿಯಲ್ಲಿದೆ. ಮನೆಯಲ್ಲಿ ಹೆಂಡತಿಯೋ ತಾಯಿಯೋ ಒಳಗೆ ಬೇಡವೆಂದರೆ ಅಲ್ಲಿಯೂ ಹಿತ್ತಿಲೇ ಗತಿ. ಹೀಗಾಗಿ, ಬೆಚ್ಚನೆಯ ಕೋಣೆಯಲ್ಲಿ ಕೆಲಸ ಮಾಡುವುದಕ್ಕೆಂದು ರಚಿತವಾದ ಒಂದು ಯಂತ್ರವು ಆ ದೇಶದಲ್ಲಿ ಹಿಮದ ನಡುವೆ ಕೆಲಸ ಮಾಡಬೇಕಾಗಿ ಬಂದಿದೆ.

ವಿದ್ಯೆಗಾಗಿಯೂ ಉದ್ಯೋಗಕ್ಕಾಗಿಯೂ ಅಲ್ಲಿಗೆ ಹೋಗಿ ನೆಲಸಿದ ಕನ್ನಡಿಗರ ಸಂಸಾರಗಳು ಈಗ ಅನೇಕವಾಗಿವೆ. ಮಕ್ಕಳನ್ನು ನೋಡಿ ಬರಲೆಂದು ಹೋಗುವ ತಂದೆತಾಯಂದಿರೂ ಕಡಮೆಯಿಲ್ಲ. ಮಗನ ಮೇಜಿನ ಮೇಲೋ ಅಳಿಯನ ಕೋಟಿನ ಜೇಬಿನಲ್ಲೋ ಈ ವಸ್ತುವನ್ನು ಕಂಡು, ಇದೇನೋ ಬರೆಯುವ ಸಾಧನವಿರಬೇಕೆಂದು ಸುಮ್ಮನಾಗುವವರಿಗೆ ಇದರ ಸ್ವರೂಪವೂ ಇದರ ಅಪಾಯಗಳೂ ತಿಳಿದಿರುವುದು ಅವಶ್ಯವೆಂದು ತೋರಿದ್ದರಿಂದ ಈ ಲೇಖನವನ್ನು ಬರೆದಿದೆ. ಇದನ್ನು ಸೇದುವ ಅಭ್ಯಾಸವನ್ನು ನಾವು ಯಾರಿಗೂ ಬೋಧಿಸುವವರಲ್ಲ. ಆದರೆ ಮನೆಯೊಳಕ್ಕೆ ಬಂದಿರುವ ವಸ್ತುವಿನ ವಿಷಯದಲ್ಲಿ ಕಣ್ಣು ಮುಚ್ಚಿಕೊಂಡಿರುವುದರಿಂದ ಯಾರಿಗೂ ಲಾಭವಿಲ್ಲ.

ಹೊಗೆಸೊಪ್ಪನ್ನು ಸುಡದೆ ಅದರ ಸಾರವನ್ನು ಮಾತ್ರ ಸೇದಿಸಬೇಕೆಂಬ ಯೋಚನೆ ಹೊಸದಲ್ಲ. ಹರ್ಬರ್ಟ್ ಗಿಲ್ಬರ್ಟ್ ಎಂಬ ಅಮೆರಿಕದವನು ೧೯೬೫ರಲ್ಲಿಯೇ ಇಂತಹ ಒಂದು ಸಾಧನಕ್ಕೆ ಹಕ್ಕುಪತ್ರವನ್ನು ಪಡೆದಿದ್ದನು. ಆದರೆ ಅದು ಅಂಗಡಿಯ ಮುಖವನ್ನು ಕಾಣಲಿಲ್ಲ. ಈಗ ಬಳಕೆಯಲ್ಲಿರುವ ಬಗೆಯನ್ನು ೨೦೦೩ರಲ್ಲಿ ಚೀನಾ ದೇಶದ ಔಷಧಶಾಸ್ತ್ರಜ್ಞ ಹೊನ್ ಲಿಕ್ ಎಂಬಾತನು ನಿರ್ಮಿಸಿದನು. ಇದರಲ್ಲಿ ಮುಖ್ಯವಾದ ಅಂಗಗಳು ಮೂರು. ಕೆಳಗೆ ಲಿಥಿಯಮ್ ಬ್ಯಾಟರಿ; ಮೇಲೆ ದ್ರವ ತುಂಬಿದ ಸಣ್ಣ ಟ್ಯಾಂಕು; ಇವೆರಡರ ನಡುವೆ ಹತ್ತಿಯ ಬತ್ತಿಗೆ ಸುತ್ತಿದ ಒಂದು ತಂತಿಯ ಸುರುಳಿ. ಗುಂಡಿಯನ್ನೊತ್ತಿದಾಗ, ಅಥವಾ ಕೆಲವು ಬಗೆಗಳಲ್ಲಿ ಬರಿದೆ ಉಸಿರನ್ನೆಳೆದಾಗ, ತಂತಿಯು ಕಾಯುತ್ತದೆ. ಬತ್ತಿಯಲ್ಲಿ ಹೀರಿಕೊಂಡಿರುವ ದ್ರವವು ಆವಿಯಾಗಿ ಬಾಯಿಗೆ ಬರುತ್ತದೆ. ದ್ರವವೆಂದರೆ ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್ ಎಂಬೆರಡರ ಮಿಶ್ರಣ. ಇದಕ್ಕೆ ಹಣ್ಣಿನದೋ ಪುದೀನದ್ದೋ ಪರಿಮಳ. ಇವೆಲ್ಲದರ ಮರೆಯಲ್ಲಿ ಹೊಗೆಸೊಪ್ಪಿನ ವಿಷವಾದ ನಿಕೋಟಿನ್. ನಮ್ಮ ದೇವರ ಮನೆಯ ದೀಪವನ್ನು ನೆನೆದುಕೊಂಡರೆ ಇದರ ರಚನೆಯು ಅರ್ಧಕ್ಕಿಂತ ಹೆಚ್ಚು ಅರ್ಥವಾದಂತೆಯೇ. ಎಣ್ಣೆಯುಂಟು, ಬತ್ತಿಯುಂಟು, ಉರಿಯ ಬದಲು ಕಾದ ತಂತಿಯುಂಟು.

ಚಳಿಯು ಮೊದಲು ತೊಡಕುಂಟುಮಾಡುವುದು ಈ ಎಣ್ಣೆಯ ಸ್ಥಾನದಲ್ಲಿರುವ ದ್ರವಕ್ಕೇ. ಧನುರ್ಮಾಸದ ಬೆಳಗ್ಗೆ ಕೊಬ್ಬರಿ ಎಣ್ಣೆಯ ದೀಪವನ್ನು ಹಚ್ಚಲು ಹೋದವರು, ಗಟ್ಟಿಕಟ್ಟಿದ ಎಣ್ಣೆಯು ಬತ್ತಿಗೆ ಏರದೆ ಬತ್ತಿಯೇ ಕರಿಕಾಗುವುದನ್ನು ಕಂಡಿರುವರು. ಇಲ್ಲಿ ನಡೆಯುವುದೂ ಅದೇ. ಪ್ರೊಪಿಲೀನ್ ಗ್ಲೈಕಾಲ್ ತೆಳುವಾದ ದ್ರವ. ಸೊನ್ನೆಗಿಂತ ೫೦ ಡಿಗ್ರಿ ಕೆಳಗಿನವರೆಗೂ ಅದು ಹೆಪ್ಪುಗಟ್ಟುವುದಿಲ್ಲ. ಗ್ಲಿಸರಿನ್ ಹಾಗಲ್ಲ. ೨೦ ಡಿಗ್ರಿಯ ಕೋಣೆಯಲ್ಲಿಯೇ ಅದು ಹರಳೆಣ್ಣೆಯಂತೆ ಮಂದವಾಗಿರುತ್ತದೆ; ಸೊನ್ನೆ ಡಿಗ್ರಿಗೆ ಬರುವಷ್ಟರಲ್ಲಿ ಅದರ ಮಂದತೆಯು ಎಂಟು ಮಡಿಗೂ ಮೀರಿ ಹೆಚ್ಚುತ್ತದೆ. ಆದುದರಿಂದ ಗ್ಲಿಸರಿನ್ ಹೆಚ್ಚಾಗಿರುವ ದ್ರವವನ್ನು ತುಂಬಿ ಹಿಮದಲ್ಲಿ ನಿಂತರೆ, ಬತ್ತಿಯು ಹೀರುವುದಕ್ಕಿಂತ ಬೇಗನೆ ತಂತಿಯು ಅದನ್ನು ಒಣಗಿಸುತ್ತದೆ. ಒಣಗಿದ ಹತ್ತಿಯು ಸೀಯುತ್ತದೆ. ಆಗ ಬಾಯಿಗೆ ಬರುವ ಕಮಟು ಹೊಗೆಯಲ್ಲಿ ಫಾರ್ಮಾಲ್ಡಿಹೈಡ್, ಅಕ್ರೋಲೀನ್ ಎಂಬ ಕಟುವಾದ ಪದಾರ್ಥಗಳು ಸೇರಿರುತ್ತವೆ. ಎರಡೂ ಗಂಟಲಿಗೂ ಶ್ವಾಸಕೋಶಕ್ಕೂ ಕೇಡನ್ನುಂಟುಮಾಡತಕ್ಕವು. ಆವಿ ಸಾಲದೆಂದು ಮತ್ತಷ್ಟು ಬಲವಾಗಿ ಎಳೆಯುವುದೂ ಯಂತ್ರದ ಶಕ್ತಿಯನ್ನು ಹೆಚ್ಚಿಸುವುದೂ ಇಂತಹ ಹೊತ್ತಿನಲ್ಲಿ ಮಾಡತಕ್ಕ ಕೆಲಸಗಳಲ್ಲ. ಯಂತ್ರವನ್ನು ಮೈಗೆ ತಗುಲಿದ ಒಳಜೇಬಿನಲ್ಲಿ ಇರಿಸಿಕೊಂಡಿದ್ದರೆ ದ್ರವವು ತಾನಾಗಿಯೇ ಸಡಿಲವಾಗುವುದು. ಚಳಿಗಾಲದ ಮಟ್ಟಿಗೆ ಗ್ಲಿಸರಿನ್ ಕಡಮೆಯಿರುವ ಮಿಶ್ರಣವನ್ನು ಆರಿಸಿಕೊಳ್ಳುವ ರೂಢಿಯೂ ಅಲ್ಲಿ ಉಂಟು.

ಇಲ್ಲಿ ಒಂದು ಭ್ರಾಂತಿಯನ್ನೂ ಹೇಳಬೇಕು. ಚಳಿಯಲ್ಲಿ ಬರಿಯ ಉಸಿರೇ ಮೋಡವಾಗಿ ಕಾಣುವುದಷ್ಟೆ. ಅದರೊಡನೆ ಈ ಆವಿಯೂ ಕೂಡಿದಾಗ ಮುಖದ ಮುಂದೆ ದೊಡ್ಡ ಮುಗಿಲೇ ಏಳುತ್ತದೆ. ಯಂತ್ರವು ಚೆನ್ನಾಗಿ ನಡೆಯುತ್ತಿದೆಯೆಂದು ಸೇದುವವನು ಹಿಗ್ಗುವನು. ಅದರಲ್ಲಿ ಬಹುಪಾಲು ಅವನ ಉಸಿರಿನ ನೀರೇ ಹೊರತು ಮತ್ತೇನೂ ಅಲ್ಲ.

ದ್ರವದ ತೊಂದರೆಯಿಂದ ಕೆಡುವುದು ಬಾಯಿ ಮತ್ತು ಗಂಟಲು. ಬ್ಯಾಟರಿಯ ತೊಂದರೆಯಿಂದ ಮನೆಯೇ ಕೆಡಬಹುದು; ಆದುದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ತಿಳಿಯಬೇಕು. ೧೯೯೧ರಲ್ಲಿ ಮೊದಲು ಮಾರಾಟಕ್ಕೆ ಬಂದು, ೨೦೧೯ರಲ್ಲಿ ತನ್ನ ಜನಕರಾದ ಗುಡೆನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಎಂಬ ಮೂವರು ವಿಜ್ಞಾನಿಗಳಿಗೆ ನೊಬೆಲ್ ಪಾರಿತೋಷಕವನ್ನು ತಂದುಕೊಟ್ಟ ಲಿಥಿಯಮ್ ಬ್ಯಾಟರಿಯೇ ಇದು. ನಮ್ಮ ಕೈಯ ದೂರವಾಣಿಯಲ್ಲಿರುವುದೂ ಇದೇ ಜಾತಿಯದು. ಇದರೊಳಗೆ ಲಿಥಿಯಮ್ ಅಯಾನುಗಳು ಒಂದು ಬದಿಯಿಂದ ಇನ್ನೊಂದು ಬದಿಗೆ ಒಂದು ದ್ರವದ ಮೂಲಕ ಹಾದುಹೋಗುತ್ತವೆ. ಚಾರ್ಜು ಮಾಡುವಾಗ ಅವು ಗ್ರಾಫೈಟಿನ ಪದರಗಳೊಳಕ್ಕೆ ಸೇರಿಕೊಳ್ಳುತ್ತವೆ. ಬಳಸುವಾಗ ಹೊರಬಂದು ಹಿಂದಿರುಗುತ್ತವೆ. ಚಳಿಯಲ್ಲಿ ಈ ಸಂಚಾರವು ಬಹಳ ನಿಧಾನವಾಗುತ್ತದೆ. ಪೂರ್ಣವಾಗಿ ತುಂಬಿದಾಗ ೪.೨ ವೋಲ್ಟ್ ತೋರಿಸುವ ಬ್ಯಾಟರಿಯು ಹಿಮದಲ್ಲಿ ಭಾರ ಬಿದ್ದೊಡನೆ ಕುಸಿದು, ಖಾಲಿಯಾಯಿತೆಂದು ಯಂತ್ರಕ್ಕೆ ತೋರುತ್ತದೆ. ದೀಪ ಮಿನುಗಿ ಯಂತ್ರವು ನಿಂತುಹೋಗುತ್ತದೆ. ಮನೆಯೊಳಗೆ ಬಂದು ಅರ್ಧ ಗಂಟೆ ಕಳೆದರೆ ಅದೇ ಬ್ಯಾಟರಿಯು ಏನೂ ಆಗದಂತೆ ಮತ್ತೆ ನಡೆಯುವುದುಂಟು. ಶಕ್ತಿಯು ಎಲ್ಲಿಗೂ ಹೋಗಿರಲಿಲ್ಲ, ಸೆಡೆತುಕೊಂಡಿತ್ತು, ಅಷ್ಟೆ. ಇಷ್ಟರ ಮಟ್ಟಿಗೆ ಅಪಾಯವಿಲ್ಲ.

ಅಪಾಯವಿರುವುದು ಆ ಮೇಲಿನ ಕೆಲಸದಲ್ಲಿ. ಯಂತ್ರವು ನಿಂತಿತೆಂದು, ಹೊರಗಿನಿಂದ ಬಂದವನು ಅದನ್ನು ಕೂಡಲೇ ಚಾರ್ಜಿಗೆ ಹಾಕುವನು. ಸೊನ್ನೆ ಡಿಗ್ರಿಗಿಂತ ತಣ್ಣಗಿರುವ ಬ್ಯಾಟರಿಗೆ ಹೀಗೆ ವಿದ್ಯುತ್ತನ್ನು ತುಂಬಿದರೆ, ಅಯಾನುಗಳು ಬರುವ ವೇಗವು ಹೆಚ್ಚಾಗಿಯೂ ಗ್ರಾಫೈಟಿನೊಳಕ್ಕೆ ಸೇರುವ ವೇಗವು ಕಡಮೆಯಾಗಿಯೂ ಆಗುತ್ತದೆ. ಜಾತ್ರೆಯ ದಿನ ಗುಡಿಯ ಬಾಗಿಲು ಕಿರಿದಾಗಿದ್ದರೆ ಜನರು ಹೊಸಿಲಿನಲ್ಲಿಯೇ ಕಿಕ್ಕಿರಿಯುವಂತೆ ಅವು ಹೊರಮೈಯಲ್ಲಿಯೇ ನಿಂತು ಲಿಥಿಯಮ್ ಲೋಹವಾಗಿ ಅಂಟಿಕೊಳ್ಳುತ್ತವೆ. ಹೀಗೆ ಅಂಟಿದ ಲೋಹದ ಬಹುಭಾಗವು ಮತ್ತೆ ಕೆಲಸಕ್ಕೆ ಬಾರದು. ಬ್ಯಾಟರಿಯ ಶಕ್ತಿಯು ಅಷ್ಟರ ಮಟ್ಟಿಗೆ ಶಾಶ್ವತವಾಗಿ ಕುಗ್ಗಿತು. ಅದಕ್ಕಿಂತ ಕೆಟ್ಟದ್ದೆಂದರೆ, ಪದೇ ಪದೇ ಹೀಗಾದಾಗ ಆ ಲೋಹವು ಸೂಜಿಯ ಮೊನೆಗಳಂತೆ ಬೆಳೆದು, ಎರಡು ಬದಿಗಳನ್ನು ಬೇರ್ಪಡಿಸಿರುವ ತೆಳುವಾದ ಪೊರೆಯನ್ನು ಚುಚ್ಚಬಹುದು. ಚುಚ್ಚಿದರೆ ಒಳಗೊಳಗೇ ವಿದ್ಯುತ್ತು ಅಡ್ಡಹಾದು, ಬ್ಯಾಟರಿಯು ಕಾದು, ಒಳಗಿನ ದ್ರವಕ್ಕೆ ಬೆಂಕಿ ಹತ್ತುವ ಸಂಭವವುಂಟು. ಇದು ಅದೇ ದಿನ ನಡೆಯಬೇಕೆಂದಿಲ್ಲ. ಮಾಘದಲ್ಲಿ ಆದ ಗಾಯವು ಚೈತ್ರದಲ್ಲಿ, ಎಲ್ಲರೂ ಮಲಗಿರುವಾಗ, ಹಾಸಿಗೆಯ ಪಕ್ಕದಲ್ಲಿ ಫಲ ಕೊಡಬಹುದು. ಹೊರಗಿನಿಂದ ನೋಡಿದವರಿಗೆ ಯಾವ ಗುರುತೂ ಕಾಣುವುದಿಲ್ಲ.

ಪರಿಹಾರವು ಬಹು ಸುಲಭ, ತಾಳ್ಮೆಯೊಂದೇ ಬೇಕು. ಹೊರಗಿನಿಂದ ತಂದ ಯಂತ್ರವು ಕೋಣೆಯ ಶಾಖಕ್ಕೆ ಬರುವವರೆಗೆ, ಒಂದೆರಡು ಗಂಟೆಗಳ ಕಾಲ, ಅದನ್ನು ಚಾರ್ಜಿಗೆ ಹಾಕಕೂಡದು. ಬೇಗ ಬೆಚ್ಚಗಾಗಲೆಂದು ಅಗ್ಗಿಷ್ಟಿಕೆಯ ಮೇಲೋ, ಗೋಡೆಯ ಬಿಸಿನೀರಿನ ಕೊಳವೆಗಳ ಮೇಲೋ, ಮೋಟಾರು ಗಾಡಿಯಲ್ಲಿ ಬಿಸಿಗಾಳಿ ಬರುವ ಕಿಂಡಿಯ ಎದುರಿಗೋ ಇಡುವುದು ಮತ್ತೊಂದು ಬಗೆಯ ಅವಿವೇಕ. ಚಳಿಯು ಬ್ಯಾಟರಿಯನ್ನು ನಿಧಾನಗೊಳಿಸುವುದು. ಅತಿಯಾದ ಶಾಖವು ಅದನ್ನು ಕೊಲ್ಲುವುದು. ರಾತ್ರಿ ಮಲಗುವಾಗ ತಲೆದಿಂಬಿನ ಬಳಿ ಚಾರ್ಜಿಗೆ ಹಾಕಿಟ್ಟು ನಿದ್ರೆಹೋಗುವ ಅಭ್ಯಾಸವನ್ನಂತೂ ಮನೆಯ ಹಿರಿಯರು ಖಂಡಿತವಾಗಿ ತಡೆಯಬೇಕು.

ತಣ್ಣಗಿನ ಯಂತ್ರವು ಬೆಚ್ಚನೆಯ ಮನೆಯೊಳಕ್ಕೆ ಬಂದಾಗ ಇನ್ನೊಂದು ಸಂಗತಿಯೂ ನಡೆಯುತ್ತದೆ. ಕನ್ನಡಕ ಧರಿಸಿದವರು ಹಿಮದಿಂದ ಒಳಗೆ ಬಂದೊಡನೆ ಗಾಜು ಮಬ್ಬಾಗುವುದಷ್ಟೆ; ಹಾಗೆಯೇ ಗಾಳಿಯಲ್ಲಿರುವ ತೇವವು ಯಂತ್ರದ ಮೇಲೂ ಅದರ ಸಂದುಗಳಲ್ಲೂ ಹನಿಗಟ್ಟುತ್ತದೆ. ಹೊರಗಿರುವಾಗಲೇ ಅದನ್ನು ಬಾಯಿ ಬಿಗಿದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಒಳಗೆ ತಂದರೆ, ಹನಿಯು ಚೀಲದ ಮೇಲೆ ಕಟ್ಟಿ ಯಂತ್ರವು ಒಣಗಿರುವುದು. ಛಾಯಾಚಿತ್ರಕಾರರು ತಮ್ಮ ಕ್ಯಾಮರಾವನ್ನು ಹಿಮದಿಂದ ಒಳಗೆ ತರುವ ವಿಧಾನವೂ ಇದೇ.

ಬಿಡಿಯಾದ ಬ್ಯಾಟರಿಗಳ ವಿಷಯದಲ್ಲಿ ಹೆಚ್ಚಿನ ಎಚ್ಚರಿಕೆ ಬೇಕು. ಕೆಲವು ಯಂತ್ರಗಳಲ್ಲಿ ೧೮ ಮಿಲಿಮೀಟರ್ ದಪ್ಪ, ೬೫ ಮಿಲಿಮೀಟರ್ ಉದ್ದದ ಕೊಳವೆಯಂತಹ ಬ್ಯಾಟರಿಗಳನ್ನು ಹೊರತೆಗೆದು ಬದಲಾಯಿಸಬಹುದು. ಚಳಿಯಲ್ಲಿ ಒಂದು ನಿಂತುಹೋದರೆ ಇನ್ನೊಂದಿರಲೆಂದು ಜನರು ಇವನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವರು. ಅದೇ ಜೇಬಿನಲ್ಲಿ ಬೀಗದ ಕೈಗಳೂ ನಾಣ್ಯಗಳೂ ಇದ್ದರೆ, ಅವು ಬ್ಯಾಟರಿಯ ಎರಡು ತುದಿಗಳಿಗೂ ತಗುಲಿ, ಅದರ ಶಕ್ತಿಯೆಲ್ಲವೂ ಕ್ಷಣಮಾತ್ರದಲ್ಲಿ ಶಾಖವಾಗಿ ಹೊರಬೀಳುವುದು. ಅಮೆರಿಕದ ಸಂಯುಕ್ತ ಸಂಸ್ಥಾನಗಳ ಅಗ್ನಿಶಾಮಕ ಇಲಾಖೆಯವರು ೨೦೦೯ರಿಂದ ೨೦೧೬ರವರೆಗೆ ವೃತ್ತಪತ್ರಿಕೆಗಳಲ್ಲಿ ವರದಿಯಾದ ಇಂತಹ ೧೯೫ ಬೆಂಕಿ ಮತ್ತು ಸ್ಫೋಟಗಳನ್ನು ಲೆಕ್ಕಹಾಕಿದಾಗ, ಅವುಗಳಲ್ಲಿ ಹೆಚ್ಚಿನವು ಯಂತ್ರವೋ ಬ್ಯಾಟರಿಯೋ ಜೇಬಿನಲ್ಲಿದ್ದಾಗ ಅಥವಾ ಸೇದುತ್ತಿರುವಾಗ ನಡೆದುವೆಂದು ಕಂಡುಬಂದಿತು. ೨೦೧೮ರ ಮೇ ತಿಂಗಳಲ್ಲಿ ಫ್ಲಾರಿಡಾ ಸಂಸ್ಥಾನದಲ್ಲಿ ಒಬ್ಬನು ಇಂತಹ ಸ್ಫೋಟದಿಂದ ಪ್ರಾಣವನ್ನೇ ಕಳೆದುಕೊಂಡನು. ಇಂತಹ ಬ್ಯಾಟರಿಗಳಿಗೆಂದೇ ಪ್ಲಾಸ್ಟಿಕ್ಕಿನ ಡಬ್ಬಿಗಳು ಕೆಲವೇ ಕಾಸಿಗೆ ದೊರೆಯುತ್ತವೆ. ಹೊದಿಕೆ ಹರಿದ ಬ್ಯಾಟರಿಯನ್ನು ಡಬ್ಬಿಯಲ್ಲಿಯೂ ಇಡದೆ ಬಿಟ್ಟುಬಿಡಬೇಕು. ದಪ್ಪ ಕೋಟುಗಳ ಕಾಲದಲ್ಲಿ ಜೇಬುಗಳು ಹೆಚ್ಚು, ಒಳಗಿರುವುದರ ನೆನಪು ಕಡಮೆ.

ಹೀಗೆಂದು ಯಂತ್ರವನ್ನು ರಾತ್ರಿಯಿಡೀ ಗಾಡಿಯಲ್ಲಿ ಬಿಟ್ಟುಬಿಡುವುದೂ ಸರಿಯಲ್ಲ. ಮೇಲೆ ಹೇಳಿದ ತೊಂದರೆಗಳಲ್ಲದೆ, ಚಳಿಗೆ ಸಂಕೋಚಗೊಂಡ ರಬ್ಬರಿನ ಬಳೆಗಳು ಸಡಿಲವಾಗಿ, ಬೆಳಗ್ಗೆ ಗಾಡಿಯು ಕಾಯುತ್ತಿದ್ದಂತೆ ತೆಳುವಾಗುವ ದ್ರವವು ಸಂದುಗಳಿಂದ ಸೋರುವುದು. ಬಹುದಿನ ಬಳಸದೆ ಇಡುವುದಾದರೆ ಟ್ಯಾಂಕನ್ನು ಬರಿದುಮಾಡಿ, ಬ್ಯಾಟರಿಯಲ್ಲಿ ಅರ್ಧದಷ್ಟು ಶಕ್ತಿಯನ್ನುಳಿಸಿ, ತಂಪಾಗಿಯೂ ಒಣಗಿಯೂ ಇರುವ ಕಪಾಟಿನಲ್ಲಿ ಇಡುವುದು ವಿಹಿತ. ಪೂರ್ತಿ ತುಂಬಿಟ್ಟ ಬ್ಯಾಟರಿಯೂ ಪೂರ್ತಿ ಬರಿದಾದ ಬ್ಯಾಟರಿಯೂ ಬೇಗ ಮುಪ್ಪಾಗುತ್ತವೆ.

ಇನ್ನು ದ್ರವದ ಸೀಸೆಗಳನ್ನಿಡುವ ವಿಚಾರ. ಗೃಹಿಣಿಯರು ಈ ಭಾಗವನ್ನು ವಿಶೇಷವಾಗಿ ಲಕ್ಷ್ಯವಿಟ್ಟು ಓದಬೇಕೆಂದು ನಮ್ಮ ಬಿನ್ನಹ. ನಿಕೋಟಿನ್ ಬೆಳಕು, ಶಾಖ, ಗಾಳಿಗಳ ಸೋಂಕಿನಿಂದ ಕಂದುಬಣ್ಣಕ್ಕೆ ತಿರುಗಿ ಕೆಡುತ್ತದೆ. ತಂಪಿನಲ್ಲಿಟ್ಟರೆ ಬಹುಕಾಲ ಬಾಳುತ್ತದೆ. ರಸಾಯನಶಾಸ್ತ್ರದ ಪ್ರಕಾರ ಇದು ನಿಜವಾದುದರಿಂದಲೇ ಕೆಲವರು ಸೀಸೆಗಳನ್ನು ಅಡಿಗೆಯ ಮನೆಯ ಶೀತಪೆಟ್ಟಿಗೆಯಲ್ಲಿ, ಹಾಲು ಹಣ್ಣುಗಳ ಪಕ್ಕದಲ್ಲಿ ಇಡುವರು. ಮಾವಿನ ಹಣ್ಣಿನ ವಾಸನೆಯ, ಬಣ್ಣದ ಚಿತ್ರವಿರುವ ಒಂದು ಪುಟ್ಟ ಸೀಸೆಯು ಶೀತಪೆಟ್ಟಿಗೆಯ ಕೆಳಗಿನ ಅರೆಯಲ್ಲಿದ್ದರೆ, ಮೂರು ವರ್ಷದ ಮಗುವು ಅದನ್ನು ಏನೆಂದು ತಿಳಿಯಬೇಕು? ಕೆನಡಾದಲ್ಲಿ ೨೦೨೧ರಿಂದ ಒಂದು ಮಿಲಿಲೀಟರಿಗೆ ೨೦ ಮಿಲಿಗ್ರಾಮಿಗಿಂತ ಹೆಚ್ಚು ನಿಕೋಟಿನ್ ಇರಕೂಡದೆಂದು ಕಟ್ಟುಮಾಡಿದ್ದಾರೆ. ಆ ಮಿತಿಯೊಳಗೇ ಇದ್ದರೂ ೧೦ ಮಿಲಿಲೀಟರಿನ ಸೀಸೆಯೊಂದರಲ್ಲಿ ೨೦೦ ಮಿಲಿಗ್ರಾಂ ವಿಷವಿರಬಹುದಾಯಿತು. ಎಳೆಯ ಮಗುವಿಗೆ ಕೆಲವೇ ಮಿಲಿಗ್ರಾಮುಗಳಿಂದ ವಾಂತಿ, ಜೊಲ್ಲು ಸುರಿಯುವುದು, ಮೈ ಬಿಳಿಚಿಕೊಳ್ಳುವುದು ಮೊದಲಾದ ಲಕ್ಷಣಗಳು ತಲೆದೋರುತ್ತವೆ. ಹೆಚ್ಚಾದರೆ ಸೆಳವು ಬಂದು ಉಸಿರಾಟವೇ ನಿಲ್ಲುವುದು. ೨೦೧೪ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ಸಂಸ್ಥಾನದ ಫೋರ್ಟ್ ಪ್ಲೇನ್ ಎಂಬ ಊರಿನಲ್ಲಿ ಒಂದು ವರ್ಷದ ಕೂಸೊಂದು ಈ ದ್ರವವನ್ನು ನುಂಗಿ ತೀರಿಕೊಂಡಿತು. ಇದಾದ ಮೇಲೆಯೇ ೨೦೧೬ರ ಜನವರಿಯಲ್ಲಿ, ಮಕ್ಕಳಿಗೆ ತೆರೆಯಲಾಗದ ಮುಚ್ಚಳವು ಇಂತಹ ಸೀಸೆಗಳಿಗೆ ಇರಲೇಬೇಕೆಂಬ ಶಾಸನಕ್ಕೆ ಅಮೆರಿಕದ ಅಧ್ಯಕ್ಷರ ಸಹಿ ಬಿದ್ದಿತು.

ಸೀಸೆಗಳು ಕೆಡುವುದಾದರೆ ಕೆಡಲಿ, ಅಡಿಗೆಯ ಮನೆಯ ಶೀತಪೆಟ್ಟಿಗೆಗೆ ಅವು ಬರಕೂಡದು. ಶೀತದೇಶದ ಮನೆಗಳಲ್ಲಿ ಬಿಸಿಯಿಲ್ಲದ ಕೋಣೆಯೋ ಮೆಟ್ಟಿಲ ಕೆಳಗಿನ ಗೂಡೋ ಇದ್ದೇ ಇರುತ್ತದೆ. ಎತ್ತರದಲ್ಲಿ, ಬೀಗವಿರುವ ಪೆಟ್ಟಿಗೆಯಲ್ಲಿಟ್ಟರೆ ಅಲ್ಲಿಯ ತಂಪೇ ಸಾಕು. ಈ ದ್ರವವು ಚರ್ಮದ ಮೂಲಕವೂ ಒಳಸೇರುವುದರಿಂದ, ಕೈಗೆ ತಗುಲಿದರೆ ಕೂಡಲೇ ಸಾಬೂನು ಹಾಕಿ ತೊಳೆಯಬೇಕು. ಬಟ್ಟೆಗೆ ಚೆಲ್ಲಿದರೆ ಬಟ್ಟೆಯನ್ನು ಬದಲಿಸಬೇಕು. ಮಗುವು ನುಂಗಿತೆಂಬ ಸಂಶಯ ಬಂದರೂ ಸಾಕು, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗದೆ, ಸೀಸೆಯನ್ನೂ ಕೈಯಲ್ಲಿ ಹಿಡಿದುಕೊಂಡು ವೈದ್ಯರ ಬಳಿಗೆ ಓಡಬೇಕು. ಸೀಸೆಯ ಮೇಲಿನ ಅಂಕೆಯಿಂದ ವಿಷದ ಪ್ರಮಾಣವು ಅವರಿಗೆ ಗೊತ್ತಾಗುವುದು.

ಚಳಿಯಲ್ಲಿ ಇದನ್ನು ಸೇದುವವನ ದೇಹದ ಮಾತೂ ಸ್ವಲ್ಪ ಉಂಟು. ಒಣಗಿದ ತಣ್ಣನೆಯ ಗಾಳಿಯು ತಾನೇ ಉಬ್ಬಸದವರ ಶ್ವಾಸನಾಳಗಳನ್ನು ಬಿಗಿಯಿಸುತ್ತದೆ. ಅದರ ಮೇಲೆ ತೇವವನ್ನು ಹೀರುವ ಗುಣವುಳ್ಳ ಈ ಆವಿಯು ಗಂಟಲನ್ನು ಮತ್ತಷ್ಟು ಒಣಗಿಸುವುದು. ನಿಕೋಟಿನ್ ಚರ್ಮದ ರಕ್ತನಾಳಗಳನ್ನು ಸಂಕೋಚಗೊಳಿಸುವುದರಿಂದ ಬೆರಳುಗಳಿಗೆ ಹೋಗುವ ಬಿಸಿರಕ್ತವು ಕಡಮೆಯಾಗುತ್ತದೆ. ಚಳಿಯನ್ನು ಓಡಿಸಲು ಒಂದು ದಮ್ಮು ಸೇದುವೆನೆನ್ನುವವನು, ಕೈಚೀಲವನ್ನು ಕಳಚಿ ನಿಂತು, ತನ್ನ ಬೆರಳುಗಳನ್ನು ಎರಡು ಕಡೆಯಿಂದಲೂ ಹಿಮಕ್ಕೆ ಒಪ್ಪಿಸಿದಂತಾಯಿತು. ಸಿಗರೇಟಿನ ಹೊಗೆಗಿಂತ ಇದು ಕಡಮೆ ಕೇಡಿನದೆಂದು ಇಂಗ್ಲೆಂಡಿನ ಆರೋಗ್ಯ ಇಲಾಖೆಯವರು ಹೇಳುವುದು ನಿಜ. ಕೇಡಿಲ್ಲದ್ದೆಂದು ಅವರೂ ಹೇಳುವುದಿಲ್ಲ. ಸಿಗರೇಟನ್ನೇ ಮುಟ್ಟದವರು ಇದನ್ನು ಮುಟ್ಟಬಾರದೆಂದು ಅವರದೂ ಮಾತು. ನಮ್ಮ ಮಕ್ಕಳಲ್ಲಿ ಸಿಗರೇಟನ್ನು ಬಿಡುವುದಕ್ಕೆಂದು ಇದನ್ನು ಹಿಡಿದವರನ್ನೂ, ಹಣ್ಣಿನ ಪರಿಮಳಕ್ಕೆ ಮರುಳಾಗಿ ಇದರಿಂದಲೇ ಆರಂಭಿಸಿದವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಮೊದಲನೆಯವನಿಗೆ ಬೈಗುಳಕ್ಕಿಂತ ವೈದ್ಯರ ಸಲಹೆಯೂ ಮನೆಯವರ ಸಹನೆಯೂ ಹೆಚ್ಚು ಪ್ರಯೋಜನಕಾರಿ.

ಊರಿಗೆ ಹಿಂದಿರುಗುವಾಗಿನ ವಿಚಾರವೊಂದು ಉಳಿದಿದೆ. ಕರ್ನಾಟಕದಲ್ಲಿ ೨೦೧೬ರಲ್ಲಿಯೇ ಇದರ ಮಾರಾಟವನ್ನು ನಿಷೇಧಿಸಿದ್ದರು. ೨೦೧೯ರ ಸೆಪ್ಟೆಂಬರಿನಲ್ಲಿ ಭಾರತ ಸರಕಾರವು ಸುಗ್ರೀವಾಜ್ಞೆಯನ್ನು ಹೊರಡಿಸಿ, ಅದೇ ವರ್ಷದ ಕೊನೆಯಲ್ಲಿ ಅದನ್ನು ಶಾಸನವಾಗಿ ಮಾಡಿತು. ಇದರಂತೆ ಈ ಯಂತ್ರಗಳ ತಯಾರಿಕೆ, ಆಮದು, ಸಾಗಣೆ, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲವೂ ದೇಶದಲ್ಲೆಲ್ಲ ನಿಷಿದ್ಧ. ಆಮದು ಮಾಡಿದವನಿಗೆ ಮೊದಲ ತಪ್ಪಿಗೆ ಒಂದು ವರ್ಷದವರೆಗಿನ ಸೆರೆವಾಸ, ಅಥವಾ ಒಂದು ಲಕ್ಷ ರೂಪಾಯಿಗಳವರೆಗಿನ ದಂಡ, ಅಥವಾ ಎರಡೂ ಉಂಟು. ಲೇಹ್, ಸಿಮ್ಲಾ, ಮನಾಲಿಗಳ ಹಿಮವನ್ನು ನೋಡಹೋಗುವವರಿಗೂ ಈ ಶಾಸನವೇ ಅನ್ವಯಿಸುವುದು. ವಿಮಾನದಲ್ಲಿ ಇಂತಹ ಯಂತ್ರಗಳನ್ನು ಸರಕಿನ ಪೆಟ್ಟಿಗೆಯಲ್ಲಿ ಹಾಕಕೂಡದೆಂಬ ಅಂತರರಾಷ್ಟ್ರೀಯ ನಿಯಮವು ೨೦೧೫ರಿಂದಲೇ ಇದೆ. ಕೈಚೀಲದಲ್ಲಿಟ್ಟು ತಂದರೆ ಬೆಂಗಳೂರಿನ ನಿಲ್ದಾಣದಲ್ಲಿ ಸುಂಕದ ಅಧಿಕಾರಿಗಳ ಕಣ್ಣಿಗೆ ಬೀಳುವುದು. ಮಗನು ಮರೆತು ತಾಯಿಯ ಪೆಟ್ಟಿಗೆಯಲ್ಲಿ ತುರುಕಿದ ವಸ್ತುವಿಗೆ ಉತ್ತರ ಹೇಳಬೇಕಾದವಳು ತಾಯಿಯೇ ಆಗುವಳು. ಹೊರಡುವ ಹಿಂದಿನ ದಿನ ಪೆಟ್ಟಿಗೆಗಳನ್ನೂ ಕೋಟಿನ ಒಳಜೇಬುಗಳನ್ನೂ ಒಮ್ಮೆ ತಡಕಿ ನೋಡುವುದು ಮೇಲು.

ಅಲ್ಲಿಯೇ ಬಿಟ್ಟುಬರುವುದಾದರೂ ಕಸದ ಬುಟ್ಟಿಗೆ ಎಸೆಯಬಾರದು. ಕಸದ ಗಾಡಿಯಲ್ಲಿ ಜಜ್ಜಲ್ಪಟ್ಟ ಬ್ಯಾಟರಿಗಳಿಂದ ಬೆಂಕಿ ಹತ್ತುವ ಕಾಟವು ಅನೇಕ ದೇಶಗಳಲ್ಲಿ ಇದೆ. ಒಮ್ಮೆ ಬಳಸಿ ಎಸೆಯುವ ಬಗೆಯ ಯಂತ್ರಗಳ ಮಾರಾಟವನ್ನು ಬ್ರಿಟನ್ ೨೦೨೫ರ ಜೂನ್ ೧ರಿಂದ ನಿಲ್ಲಿಸಿದ್ದಕ್ಕೆ ಎಳೆಯರ ಚಟದೊಡನೆ ಈ ಕಸದ ಕಾಟವೂ ಕಾರಣವಾಯಿತು. ಬ್ಯಾಟರಿಯ ಎರಡು ತುದಿಗಳಿಗೂ ಅಂಟುಪಟ್ಟಿಯನ್ನು ಸುತ್ತಿ, ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸುವ ಪುರಸಭೆಯ ಕೇಂದ್ರಕ್ಕೆ ಒಪ್ಪಿಸಬೇಕು. ದ್ರವ ಉಳಿದ ಸೀಸೆಗಳನ್ನು ಬಚ್ಚಲಿಗೆ ಸುರಿಯದೆ, ಮುಚ್ಚಳ ಬಿಗಿದು, ಅಪಾಯಕರ ವಸ್ತುಗಳನ್ನು ತೆಗೆದುಕೊಳ್ಳುವ ಕೇಂದ್ರದಲ್ಲಿ ಕೊಡಬೇಕು.